ಇದ್ದ ಹಾಗೇ ಬನ್ನಿ

ಕೈ ತೊಳೆದುಕೊಂಡದ್ದೇ ನಾವು ಮಾಡಿದ ತಪ್ಪು. ಕದ್ದದ್ದಲ್ಲ, ಸುಳ್ಳು ಹೇಳಿದ್ದಲ್ಲ, ಇನ್ನೊಬ್ಬರ ಮನೆ ಮುರಿದದ್ದಲ್ಲ. ಸೋಪು ಹಚ್ಚಿ, ಕಲ್ಲಿಗೆ ಉಜ್ಜಿ, ಉಗುರಿನ ಸಂದಿಗೆ ಕಡ್ಡಿ ಹಾಕಿ ತೊಳೆದುಕೊಂಡೆವು. ಆ ತಪ್ಪಿಗೆ ನನ್ನ ನಾದಿನಿ ತನ್ನ ಬಲಗೈಯನ್ನು ತೆತ್ತಳು.

ನಮ್ಮದು ಹೂವಿನ ಕಂಪನಿ. ನಮ್ಮದು ಅಂದರೆ ನಾವು ದುಡಿಯುವುದು ಅಂತ. ಉದುರಿದ ಮೊಗ್ಗೊಂದನ್ನು ಮನೆಗೆ ಒಯ್ದರೂ ಗೇಟಿನಲ್ಲಿ ಕಳ್ಳಿ ಅನ್ನಿಸಿಕೊಳ್ಳುತ್ತೇವೆ. ಉದ್ದುದ್ದ ಪ್ಲಾಸ್ಟಿಕ್ ಮನೆಗಳು, ಒಳಗೆ ಸಾಲು ಸಾಲು ಗುಲಾಬಿ. ಗಿಡ ಎದೆಯುದ್ದ ಬೆಳೆದಿರುತ್ತದೆ. ಗಾಳಿಯಿಲ್ಲ. ಬೆಳಗ್ಗೆಯೇ ಬೆವರು ಕಣ್ಣಿಗಿಳಿಯುತ್ತದೆ. ಹೆಂಗಸರು ನಾವು ಮೊಗ್ಗು ಕತ್ತರಿಸುತ್ತೇವೆ. ಎಡಗೈಯಲ್ಲಿ ಕಾಂಡ, ಬಲಗೈಯಲ್ಲಿ ಕತ್ತರಿ. ಕತ್ತರಿಸಿದ್ದನ್ನು ಎದೆಗೊತ್ತಿಕೊಂಡು ಮುಂದಕ್ಕೆ ಹೋಗಬೇಕು, ಹಸುಗೂಸನ್ನು ಎತ್ತಿಕೊಂಡ ಹಾಗೆ. ಹೂವಿಗೆ ಪೆಟ್ಟಾಗಬಾರದಲ್ಲ. ನಮಗೆ ಮುಳ್ಳು ಚುಚ್ಚಿದರೆ ಯಾರು ಕೇಳುತ್ತಾರೆ?

ಗಂಡಸರು ಔಷಧಿ ಹೊಡೆಯುತ್ತಾರೆ. ವಿಷಕ್ಕೆ ನಾವು ಔಷಧಿ ಅಂತಲೇ ಅನ್ನುವುದು. ಬಸ್ಸಿನ ಬೋರ್ಡು, ಪೊಟ್ಟಣ ಕಟ್ಟಿದ ಪೇಪರು ನೋಡಿ ನೋಡಿ ನಾನು ಓದು ಕಲಿತವಳು. ಆ ಡಬ್ಬದ ಮೇಲಿನದನ್ನು ತಿಳಿಯಲು ಮಾತ್ರ ಓದು ಬೇಕಾಗಿರಲಿಲ್ಲ. ತಲೆಬುರುಡೆ ಬರೆದಿತ್ತು.

ಔಷಧಿ ಹೊಡೆದ ಮನೆಯ ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು. ಅದು ಇರುವವರೆಗೆ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಮಾರನೆಯ ದಿನ ಎಲೆ ಒಣಗಿದ ಮೇಲೆ ಬಿಚ್ಚುವುದು. ಮಾಸಿದ ಚಿಂದಿ ಅದು. ಆದರೂ ಮ್ಯಾನೇಜರ್ ಕೂಡ ಅದರ ಮುಂದೆ ನಿಲ್ಲುತ್ತಿದ್ದ. ಮ್ಯಾನೇಜರಿಗೆ ನಾವಿಟ್ಟ ಹೆಸರು ಇಸ್ತ್ರಿ. ಬೆಂಕಿಬಿಸಿಲಿನಲ್ಲೂ ಅವನ ಅಂಗಿಯ ಮಡಿಕೆ ಮುರಿದದ್ದನ್ನು ನಾವು ಕಂಡಿಲ್ಲ.

ನಾದಿನಿಗೂ ಹೆಸರಿತ್ತು. ಕತ್ತರಿ. ಕೈಯೂ ಹಾಗೇ, ಬಾಯಿಯೂ ಹಾಗೇ. ನಾವು ಅರ್ಧ ಸಾಲು ಮುಗಿಸುವಷ್ಟರಲ್ಲಿ ಅವಳು ಆ ತುದಿ ಮುಟ್ಟಿ, ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದಳು. "ಅತ್ತಿಗೆ, ಗಿಡದ ಹತ್ತಿರ ಕಷ್ಟಸುಖ ಮಾತಾಡ್ಕೊಂಡು ಬರ್ತಿದೀಯೇನೇ? ಬೇಗ ಬಾ, ಸಂಜೆಯಾಗುತ್ತೆ!" ಗಂಡ ತೀರಿದ ಮೇಲೆ ಅಣ್ಣನ ಮನೆ ಅಂತ ಬಂದವಳು. ಆ ಅಣ್ಣ, ಅಂದರೆ ನನ್ನ ಗಂಡ, ಲಾರಿ ಹತ್ತಿದರೆ ತಿಂಗಳುಗಟ್ಟಲೆ ನಾಪತ್ತೆ. ಹಾಗಾಗಿ ಆ ಒಂದು ಕೋಣೆ ನಮ್ಮಿಬ್ಬರದೇ. ಜಗಳವೂ ನಮ್ಮದೇ, ನಗುವೂ ನಮ್ಮದೇ.

ನಮ್ಮ ಮೈವಾಸನೆಯ ವಿಷಯ ಹೇಳಲೇಬೇಕು. ಹೂವಿನವರ ಮೈ ಹೂವಿನ ವಾಸನೆ ಹೊಡೆಯುತ್ತದೆ ಅಂತ ನೀವು ತಿಳಿದಿದ್ದರೆ ಮರೆತುಬಿಡಿ. ಬೆಳ್ಳುಳ್ಳಿ ಕೊಳೆತ ಹಾಗೆ, ಸೀಮೆಎಣ್ಣೆ ಚೆಲ್ಲಿದ ಹಾಗೆ. ಬಸ್ಸು ಹತ್ತಿದರೆ ಕಂಡಕ್ಟರ್ ಕೂಗುತ್ತಾನೆ, "ಹೂವಿನೋರೆಲ್ಲ ಹಿಂದೆ ಹೋಗಿ, ಹಿಂದೆ, ಹಿಂದೆ." ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತೇವೆ. ಅಂಗಡಿಯವನು "ಅಲ್ಲಿಂದಲೇ ಹೇಳಮ್ಮ, ಒಳಗೆ ಬರಬೇಡ" ಅನ್ನುತ್ತಾನೆ. ಈಗ ಮದುವೆಯಾಗಿ ಹೋಗಿರುವ ನನ್ನ ಮಗಳು ಚಿಕ್ಕವಳಿದ್ದಾಗ ಒಂದು ಸಂಜೆ ಓಡಿಬಂದು ಅಪ್ಪಿಕೊಳ್ಳಲು ಹೋದವಳು ಹತ್ತಿರ ಬಂದು ಮೂಗು ಮುಚ್ಚಿಕೊಂಡಳು. ಮಗು ಅದು, ಅದಕ್ಕೇನು ಗೊತ್ತು? ನನಗೆ ಮಾತ್ರ ಇವತ್ತಿಗೂ ಮರೆಯಲಾಗಿಲ್ಲ.

ಅಂಥ ನಮ್ಮ ಹತ್ತಿರ ಹತ್ತಿ ಹುಡುಗಿ ಬಂದಳು.

ದೊಡ್ಡ ಕಾಲೇಜಿನವಳು, ಸಂಶೋಧನೆಗೆ ಬಂದವಳು. ಹೊಲ ತೋಟಗಳ ಔಷಧಿ ಕೆಲಸದವರ ಮೈಗೆ ಎಷ್ಟು ಹತ್ತುತ್ತದೆ ಅಂತ ಅಳೆಯುವುದು ಅವಳ ಕೆಲಸ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಅಂಗೈ ಒರೆಸಿ, ಸೀಸೆಗೆ ಹಾಕಿ ಮುಚ್ಚುತ್ತಾಳೆ. ಅದಕ್ಕೇ ಹತ್ತಿ ಹುಡುಗಿ. ಊಟದ ಹೊತ್ತಿನಲ್ಲಿ ನಮ್ಮ ಜೊತೆ ನೆಲದ ಮೇಲೆಯೇ ಕೂತಳು. ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ನಾವು ಸೋತುಹೋದೆವು.

"ನಾಳೆ ಕೆಲಸ ಮುಗಿದ ಮೇಲೆ ಪ್ಯಾಕಿಂಗ್ ಶೆಡ್ ಪಕ್ಕದ ಕೋಣೆಗೆ ಬನ್ನಿ" ಅಂದಳು. "ಏನೂ ತಯಾರಿ ಬೇಡ. ಇದ್ದ ಹಾಗೇ ಬನ್ನಿ."

ಇದ್ದ ಹಾಗೇ ಬನ್ನಿ. ಈ ಮಾತನ್ನು ಯಾರು ಹೇಳುವುದಿಲ್ಲ? ಮದುವೆಗೆ ಕರೆಯುವವರೂ ಹೇಳುತ್ತಾರೆ, ಊಟಕ್ಕೆ ಕರೆಯುವವರೂ ಹೇಳುತ್ತಾರೆ. ಹೇಳಿದರು ಅಂತ ಯಾರಾದರೂ ಇದ್ದ ಹಾಗೇ ಹೋಗುತ್ತಾರೆಯೇ? ಹಾಗೆ ಹೇಳುವುದು ಕರೆಯುವವರ ದೊಡ್ಡತನ. ಮೈ ತೊಳೆದುಕೊಂಡು ಹೋಗುವುದು ಹೋಗುವವರ ಮರ್ಯಾದೆ.

ನಾವು ಮರ್ಯಾದೆಯವರಾದೆವು. ಮಾರನೆಯ ದಿನ ಕೆಲಸ ಬಿಟ್ಟದ್ದೇ ತಡ, ಶೆಡ್ಡಿನ ಹಿಂದಿನ ನಲ್ಲಿಗೆ ಮುಗಿಬಿದ್ದೆವು. ಮನೆಯಿಂದ ತಂದ ಸೋಪು ಕೈಯಿಂದ ಕೈಗೆ ಹೋಯಿತು. ಮೊಣಕೈಯವರೆಗೆ ಉಜ್ಜಿದೆವು. ಒಬ್ಬಳ ಬೆನ್ನು ಇನ್ನೊಬ್ಬಳು ತಿಕ್ಕಿದಳು. ಗಂಟಿನಲ್ಲಿ ತಂದಿದ್ದ ಒಳ್ಳೆ ಬಟ್ಟೆ ಉಟ್ಟೆವು. ಕತ್ತರಿ ತನ್ನ ಪೆಟ್ಟಿಗೆಯ ತಳದಿಂದ ಕೆಂಪು ತಲೆವಸ್ತ್ರ ತಂದಿದ್ದಳು. ಅವಳ ಗಂಡ ಕೊಡಿಸಿದ್ದು. ಅವನು ಹೋದ ಮೇಲೆ ಅವಳು ಅದನ್ನು ಕಟ್ಟಿಕೊಂಡದ್ದನ್ನು ನಾನು ನೋಡಿರಲಿಲ್ಲ.

"ಯಾರನ್ನ ನೋಡೋಕೆ ಹೊರಟಿದೀಯೇ ಇಷ್ಟು ಸಿಂಗಾರ ಮಾಡ್ಕೊಂಡು?" ಅಂದೆ.

"ಸುಮ್ನಿರು ಅತ್ತಿಗೆ. ನನ್ನ ಕೈ ಹಿಡಿಯೋರು ಸಿಕ್ಕಿದಾರೆ, ಹೋಗಿಬರ್ತೀನಿ."

ಕೋಣೆಯಲ್ಲಿ ಹುಡುಗಿ ಅವಳ ಕೈ ಹಿಡಿದು ತಿರುವಿ ನೋಡಿದಳು. "ಕೆಲಸದಿಂದ ನೇರ ಬಂದ್ರಲ್ವಾ? ಕೈ ತೊಳೆದಿಲ್ಲ ತಾನೇ?"

ಈ ಪ್ರಶ್ನೆಗೆ ಯಾವ ಹೆಂಗಸು ಏನು ಹೇಳಬೇಕು? ಕತ್ತರಿ ತಲೆ ಎತ್ತಿ ಹೇಳಿದಳು, "ನಮ್ಮ ಕೈ ಯಾವಾಗ್ಲೂ ಹೀಗೇ ಮೇಡಂ. ಕ್ಲೀನು." ನಾವೆಲ್ಲ ಹೌದು ಹೌದು ಅಂದೆವು. ಹುಡುಗಿ ನಂಬಿದಳು. ಒಬ್ಬೊಬ್ಬರದೂ ಒರೆಸಿದಳು. ಹತ್ತಿ ಇದ್ದ ಹಾಗೇ ಬೆಳ್ಳಗೆ ಸೀಸೆಗೆ ಬಿತ್ತು. ನಮಗೆ ಹೆಮ್ಮೆಯೋ ಹೆಮ್ಮೆ.

ಮಳೆಗಾಲ ಕಳೆದ ಮೇಲೆ ಗೇಟಿಗೆ ದೊಡ್ಡ ಬೋರ್ಡು ಬಂತು. ನಾನೇ ಎಲ್ಲರಿಗೂ ಓದಿ ಹೇಳಿದೆ. 'ನಮ್ಮ ಕೆಲಸಗಾರರು ಸುರಕ್ಷಿತ. ವೈಜ್ಞಾನಿಕ ಪರೀಕ್ಷೆಯಿಂದ ಸಾಬೀತಾಗಿದೆ.' ಪಕ್ಕದಲ್ಲಿ ಒಂದು ಹೆಂಗಸಿನ ಚಿತ್ರ. ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು, ನಗು. "ಇವಳು ಯಾವ ಸಾಲಿನವಳೇ?" ಅಂತ ಕತ್ತರಿ ಕೇಳಿದಳು. ನಾವು ನಕ್ಕೆವು.

ಅದೇ ವಾರ ಬಾಗಿಲಿನ ಕೆಂಪು ಬಟ್ಟೆ ಹೋಯಿತು.

ಇಸ್ತ್ರಿ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ, "ಕೈಯಲ್ಲಿ ಏನೂ ಇಲ್ಲ ಅಂತ ವಿಜ್ಞಾನನೇ ಹೇಳಿದೆ. ಇನ್ನು ಈ ಚಿಂದಿ ಯಾಕೆ? ನೀವು ಇವತ್ತು ಆರಾಮ ತಗೊಂಡು ನಾಳೆ ಬನ್ನಿ ಅಂದ್ರೆ ಹೂವು ಕಾಯುತ್ತಾ? ಔಷಧಿಯವರು ಆ ಬಾಗಿಲಿಂದ ಹೊರಗೆ, ನೀವು ಈ ಬಾಗಿಲಿಂದ ಒಳಗೆ."

ಹೋದೆವು. ಎಲೆಗಳು ಇನ್ನೂ ತೊಟ್ಟಿಕ್ಕುತ್ತಿದ್ದವು. ತೋಳು ನೆನೆಯಿತು, ಎದೆ ನೆನೆಯಿತು. ಮುಳ್ಳು ಗೀರಿದ ಕಡೆಯೆಲ್ಲ ಮೆಣಸಿನಪುಡಿ ಹಾಕಿದ ಉರಿ. ಕಣ್ಣು, ಮೂಗು, ಬಾಯಿ ಎಲ್ಲದರಿಂದ ನೀರು. ಮಧ್ಯಾಹ್ನ ತುತ್ತು ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ರುಚಿ. ಬೆರಳ ಸಂದಿಯ ಚರ್ಮ ಸುಲಿಯಿತು. ಯಾರಾದರೂ ಕೆಮ್ಮಿದರೆ ಮೇಸ್ತ್ರಿ "ಬೀಡಿ ಬಿಡಮ್ಮ" ಅಂತ ತಮಾಷೆ ಮಾಡುತ್ತಿದ್ದ. ಆಮೇಲೆ ಅವನೂ ಕೆಮ್ಮತೊಡಗಿದ. ತಮಾಷೆ ನಿಂತಿತು.

ಕತ್ತರಿ ಬಿದ್ದದ್ದು ಸಾಲಿನ ನಡುವೆ. ಯಾವಾಗಲೂ ಆ ತುದಿಯಿಂದ ನನ್ನನ್ನು ಕರೆಯುವವಳ ಸದ್ದಿಲ್ಲ ಅಂತ ತಿರುಗಿ ನೋಡಿದರೆ ಬರೀ ಗಿಡಗಳು. ಓಡಿದೆ. ಎದೆಗೊತ್ತಿಕೊಂಡ ಹೂವಿನ ಮೇಲೆ ಕವುಚಿ ಬಿದ್ದಿದ್ದಳು. ಬಾಯಲ್ಲಿ ನೊರೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಕತ್ತರಿ ಹಿಡಿದ ಕೈ ಮಾತ್ರ ಇನ್ನೂ ಮುಚ್ಚಿ ತೆರೆಯುತ್ತಿತ್ತು, ಗಾಳಿಯನ್ನು ಕತ್ತರಿಸುತ್ತ.

ಇಸ್ತ್ರಿ ಬಂದ. ಮೊದಲು ಹೂವು ನೋಡಿದ. ಆಮೇಲೆ ಅವಳನ್ನು ನೋಡಿದ. "ಬೆಳಗ್ಗೆ ತಿಂದಿರಲ್ಲ ಇವಳು. ನೀರು ಕುಡಿಸಿ" ಅಂದ.

ಆಸ್ಪತ್ರೆಯಲ್ಲಿ ಡಾಕ್ಟರು ಏನು ಔಷಧಿ ಹೊಡೀತೀರಿ ಅಂತ ಕೇಳಿದರು. ಕಂಪನಿಯಿಂದ ಬಂದವನು ಮೊಬೈಲಿನಲ್ಲಿ ಆ ಬೋರ್ಡಿನ ಫೋಟೋ ತೋರಿಸಿದ. "ಪರೀಕ್ಷೆ ಆಗಿದೆ ಡಾಕ್ಟರೇ. ಇವರ ಮೈಗೆ ಏನೂ ಹತ್ತಲ್ಲ." ನಾನು ಬಾಯಿ ತೆರೆದೆ. "ನೀವು ಹೊರಗಿರಮ್ಮ" ಅಂದರು. ವಾಸನೆಗೆ ಅಂದರೋ, ಮಾತಿಗೆ ಅಂದರೋ, ಹೊರಗೇ ಇದ್ದೆ.

ಬದುಕಿದಳು. ಆದರೆ ಬಲಗೈ ನಡುಗುವುದು ನಿಲ್ಲಲಿಲ್ಲ. ಲೋಟ ಹಿಡಿದರೆ ಅರ್ಧ ನೀರು ನೆಲಕ್ಕೆ. ಗುಂಡಿ ಹಾಕಿಕೊಳ್ಳಲು ಬಾರದು. ಕಂಪನಿ ಅವಳ ಕೈಗೆ ಪೊರಕೆ ಕೊಟ್ಟಿತು. ಯಾರೋ ಅಭ್ಯಾಸಬಲದಿಂದ "ಏ ಕತ್ತರಿ" ಅಂತ ಕರೆದು ನಾಲಗೆ ಕಚ್ಚಿಕೊಂಡರು. "ಕರೀರಿ ಕರೀರಿ" ಅಂದಳು ಅವಳು. "ಬಾಯಿ ಇನ್ನೂ ನಡುಗ್ತಿಲ್ಲ."

ಒಂದು ಸಂಜೆ ಅಂಗಳದಲ್ಲಿ ಕೂರಿಸಿ ಅವಳ ಕೈ ತೊಳೆಯುತ್ತಿದ್ದೆ. ಸೋಪು ಅವಳ ಹಿಡಿತಕ್ಕೆ ನಿಲ್ಲುತ್ತಿರಲಿಲ್ಲ. ಅವಳು ನೊರೆಯನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದಳು.

"ಅತ್ತಿಗೆ. ಅವತ್ತು ಆ ಹುಡುಗಿ ಹತ್ತಿರ ಹೋಗೋ ಮುಂಚೆ ನಾವು ಇದೇ ಸೋಪು ಹಾಕಿ ತೊಳೀಲಿಲ್ವಾ?"

"ಹೂಂ. ಅದಕ್ಕೇನೀಗ?"

"ಹತ್ತಿ ಬೆಳ್ಳಗೆ ಬಂತು ಅಂತ ಬೀಗ್ತಿದ್ವಲ್ಲೇ! ಇರೋದನ್ನೆಲ್ಲ ಚರಂಡಿಗೆ ಬಿಟ್ಟು, ನೋಡು ತಾಯಿ ಏನೂ ಇಲ್ಲ ಅಂತ ಕೈ ಚಾಚಿದ್ವಿ. ಆ ಬೋರ್ಡು ಹಾಕಿದ್ದು ಇಸ್ತ್ರಿ ಅಲ್ಲ ಕಣೇ. ನಾವು. ಬಾಗಿಲ ಬಟ್ಟೆ ಬಿಚ್ಚಿದ್ದೂ ನಾವೇ."

ಅವಳು ನಗತೊಡಗಿದಳು. ನಗು ನಿಲ್ಲಲೇ ಇಲ್ಲ. ನಕ್ಕೂ ನಕ್ಕೂ ಅದು ಬೇರೇನೋ ಆಯಿತು. ನಾನು ನೊರೆಗೈಯಲ್ಲೇ ಅವಳನ್ನು ತಬ್ಬಿಕೊಂಡೆ. ಆಮೇಲೆ ಅವಳು ಮೂಗು ಸೀಟಿ ಹೇಳಿದಳು, "ಆ ಬಟ್ಟೆ ಮತ್ತೆ ಬಾಗಿಲಿಗೆ ಬರಬೇಕು. ನನ್ನ ಕೈ ಹೋಯ್ತು, ಹೋಗ್ಲಿ. ನಿನ್ನದು ಹೋದ್ರೆ ನನಗೆ ಕೈ ತೊಳೆಸೋರು ಯಾರೇ?"

ಹತ್ತಿ ಹುಡುಗಿ ಮತ್ತೆ ಬರುತ್ತಾಳೆ ಅಂತ ಸುದ್ದಿ ಬಂತು. ಬೇರೆ ಋತುವಿನಲ್ಲೂ ಒಮ್ಮೆ ನೋಡಬೇಕಂತೆ. ನಾವು ಶೆಡ್ಡಿನ ಹೆಂಗಸರೆಲ್ಲ ಮಾತಾಡಿಕೊಂಡೆವು. ದೊಡ್ಡ ಸಭೆಯೇನಲ್ಲ. ಬಸ್ಸಿನ ಹಿಂಬದಿ. ಅಲ್ಲಿಗೇ ತಾನೇ ನಮ್ಮನ್ನು ಯಾವಾಗಲೂ ಕಳಿಸುವುದು?

ಹುಡುಗಿ ಬರುವ ದಿನ ಬೆಳಗ್ಗೆ ಕತ್ತರಿ ಪೊರಕೆಯನ್ನು ಗೋಡೆಗೊರಗಿಸಿ ಒಳಗೆ ಬಂದಳು. ತಲೆಗೆ ಕೆಂಪು ವಸ್ತ್ರ. ಮೇಸ್ತ್ರಿ ನೋಡಿದ, ಕೆಮ್ಮಿದ, ಮುಖ ಆ ಕಡೆ ತಿರುಗಿಸಿದ. ಅವಳಿಂದ ಕತ್ತರಿಸಲಾಗಲಿಲ್ಲ. ಎಡಗೈಯಲ್ಲಿ ಎಲೆ ಸರಿಸುತ್ತ, ನಾನು ಕತ್ತರಿಸಿದ್ದನ್ನು ಹೊರುತ್ತ ದಿನವಿಡೀ ನನ್ನ ಹಿಂದೆ ಬಂದಳು. ಪ್ಲಾಸ್ಟಿಕ್ ಚಾವಣಿಯಿಂದ ತೊಟ್ಟಿಕ್ಕುತ್ತಿದ್ದ ಔಷಧಿಯಲ್ಲಿ ಆ ವಸ್ತ್ರ ನೆಂದು ಕಪ್ಪುಗೆಂಪಾಯಿತು. "ಒಳ್ಳೇ ಬಟ್ಟೆ ಹಾಳಾಗುತ್ತೆ ಕಣೇ, ಬಿಚ್ಚಿಡು" ಅಂದೆ. "ಆಗ್ಲಿ" ಅಂದಳು.

ಕೆಲಸ ಬಿಟ್ಟು ಹೊರಬಂದರೆ ನಲ್ಲಿಯ ಹತ್ತಿರ ಸಾಲಾಗಿ ಬಕೆಟ್ಟುಗಳು. ಹೊಸ ಸೋಪು, ಹೊದಿಕೆ ಬಿಚ್ಚದ್ದು. ಹೊಸ ಟವೆಲ್ಲು. ಇಷ್ಟು ವರ್ಷ ನಮಗೆ ಒಂದು ಚೂರು ಸೋಪು ಕೊಡದ ಕಂಪನಿ. ಇಸ್ತ್ರಿ ಅಲ್ಲೇ ನಿಂತಿದ್ದ. ಹೋದ ಸಲ ನಾವಾಗಿಯೇ ಮಾಡಿದ್ದನ್ನು ಅವನು ಕಂಡಿದ್ದ, ಅದರ ಲಾಭವನ್ನೂ ಕಂಡಿದ್ದ.

"ಬನ್ನಿ ಬನ್ನಿ, ಕೈಕಾಲು ಮುಖ ಚೆನ್ನಾಗಿ ತೊಳ್ಕೊಳ್ಳಿ. ಕಾಲೇಜಿನವರು ಬಂದಿದಾರೆ. ಹೀಗೆ ನಾರ್ತಾ ಹೋಗ್ತೀರಾ? ನಾಚಿಕೆ ಆಗಲ್ವಾ?"

ನಾಚಿಕೆ. ಆ ಪದ ಕೇಳಿದರೆ ಸಾಕು, ನಮ್ಮ ಕೈ ತಾನಾಗಿ ನೀರಿಗೆ ಹೋಗುತ್ತದೆ. ಹೆಂಗಸರಲ್ಲಿ ಒಬ್ಬಿಬ್ಬರ ಕಾಲು ಮುಂದಕ್ಕೆ ಹೋಯಿತು. ನನ್ನದೂ ಹೋಯಿತು ಅಂತಲೇ ಇಟ್ಟುಕೊಳ್ಳಿ.

ಕತ್ತರಿ ಬಕೆಟ್ಟಿನ ಮುಂದೆ ನಿಂತಳು. ನಡುಗುವ ಕೈ ಎತ್ತಿ ಅವನ ಮುಖದ ಮುಂದೆ ಹಿಡಿದಳು.

"ತೊಳೆಯಲ್ಲ."

"ನಿನ್ನನ್ನ ಯಾರು ಕರೆದ್ರು? ನೀನು ಕಸ ಗುಡಿಸೋಳು."

"ಹೌದು ಸಾರ್. ಗುಡಿಸಿದ್ದು ಸಾಕು. ತೊಳೆಯಲ್ಲ."

"ಕೆಲಸ ಬೇಡ್ವೇನು?"

"ಕೆಲಸ ಬೇಕು. ತೊಳೆಯೋದು ಬೇಡ. ನಾರೋದು ನಾನಲ್ಲ ಸಾರ್, ನಿಮ್ಮ ಔಷಧಿ. ಅದು ನಾರಲಿ. ಅವರೂ ಒಂದ್ಸಲ ಮೂಸಿ ನೋಡ್ಲಿ."

ಅವನು ಅವಳ ಮೊಣಕೈ ಹಿಡಿದು ಬಕೆಟ್ಟಿನ ಕಡೆ ಬಗ್ಗಿಸಲು ಕೈ ಚಾಚಿದ. ನಾನು ನಡುವೆ ಹೋದೆ. ಧೈರ್ಯವೋ ಮತ್ತೊಂದೋ ಗೊತ್ತಿಲ್ಲ, ಕಾಲು ಹೋಯಿತು. ಬಕೆಟ್ಟನ್ನು ಒದ್ದೆ. ನೀರು ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಹೋಯಿತು. ಹಿಂದೆ ಇನ್ನೊಂದು ಬಕೆಟ್ಟು ಉರುಳಿದ ಸದ್ದು. ಮತ್ತೊಂದು. ಆಮೇಲೆ ಎಲ್ಲವೂ. ಸೋಪುಗಳು ಕೆಸರಿನಲ್ಲಿ ಬಿದ್ದು ಹೊಳೆಯುತ್ತಿದ್ದವು.

ಹಾಗೇ ಹೋದೆವು. ಹಸಿ ಬಟ್ಟೆ, ಗೀರಿದ ತೋಳು, ಅಂಗೈಯಲ್ಲಿ ಹಸಿರುಗಪ್ಪು ಅಂಟು. ಹತ್ತಿ ಹುಡುಗಿ ನಮ್ಮನ್ನು ನೋಡಿ ಎದ್ದು ನಿಂತಳು.

"ಇದ್ದ ಹಾಗೇ ಬನ್ನಿ ಅಂದಿದ್ರಲ್ಲ ಮೇಡಂ" ಅಂದೆ. "ಈ ಸಲ ಬಂದಿದೀವಿ."

"ಹೋದ ಸಲ?"

"ತೊಳ್ಕೊಂಡು ಬಂದಿದ್ವಿ. ಎಲ್ಲರೂ."

"ನಾನು ಕೇಳಿದ್ದೆನಲ್ಲ…"

"ಕೇಳಿದ್ರಿ. ನೀವು ನಮ್ಮ ಪಕ್ಕ ಕೂತಿದ್ರಿ. ನಿಮಗೆ ಹೊಲಸು ಕೈ ಕೊಡೋಕೆ ಮನಸ್ಸು ಬರಲಿಲ್ಲ."

ಹುಡುಗಿಯ ಮುಖ ಬಿಳಚಿಕೊಂಡಿತು. "ಹಾಗಾದ್ರೆ ನಾನು ಬರೆದದ್ದೆಲ್ಲ ಸುಳ್ಳು."

"ಸುಳ್ಳು ಯಾಕೆ ಮೇಡಂ?" ಅಂದಳು ಕತ್ತರಿ. "ಸೋಪು ಚೆನ್ನಾಗಿದೆ ಅಂತ ಬರೆದಿದೀರಿ. ನಿಜಾನೇ. ಸೋಪು ಚೆನ್ನಾಗಿತ್ತು."

ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ನಗಲಿಲ್ಲ. ನಡುಗುವ ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಹಿಡಿಯದಿದ್ದರೆ ಅದು ನಿಲ್ಲುತ್ತಿರಲಿಲ್ಲ. ಒರೆಸಿದಳು. ಹತ್ತಿ ಕಪ್ಪಾಯಿತು. ಇನ್ನೊಂದು ತೆಗೆದಳು. ಅದೂ ಕಪ್ಪಾಯಿತು. ಬಾಗಿಲಲ್ಲಿ ಒದ್ದೆ ಪ್ಯಾಂಟಿನ ಇಸ್ತ್ರಿ ಕೂಗಾಡುತ್ತಿದ್ದ, ಇದೆಲ್ಲ ಲೆಕ್ಕಕ್ಕೆ ಬರಲ್ಲ, ಇವರು ಬೇಕಂತಲೇ ಬಳ್ಕೊಂಡು ಬಂದಿದಾರೆ ಅಂತ. "ಸಾರ್, ನೀವು ಹೊರಗಿರಿ" ಅಂದಳು ಹುಡುಗಿ. ಆ ಮಾತು ನಮಗಲ್ಲದೆ ಬೇರೆಯವರಿಗೆ ಬಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಡುವಾಗ ಅವಳು ಮುಚ್ಚುಮರೆ ಮಾಡಲಿಲ್ಲ. "ಫಲಿತಾಂಶಕ್ಕೆ ಸಮಯ ಬೇಕು. ಬಂದ ಮೇಲೂ ಇವರು ಒಪ್ತಾರೆ ಅಂತ ನಾನು ಮಾತು ಕೊಡಲಾರೆ. ಹೋದ ಸಲದ್ದು ತಪ್ಪು ಅಂತ ಮಾತ್ರ ಖಂಡಿತ ಬರೀತೀನಿ."

"ನಿಮ್ಮ ಕೆಲಸ ನೀವು ಮಾಡಿ ಮೇಡಂ" ಅಂದಳು ಕತ್ತರಿ. "ಬಾಗಿಲು ನಾವು ನೋಡ್ಕೋತೀವಿ."

ಮಾರನೆಯ ಬೆಳಗ್ಗೆ ಔಷಧಿಯವರು ಆ ಬಾಗಿಲಿನಿಂದ ಹೊರಬಂದರು. ಈ ಬಾಗಿಲು ತೆರೆದಿತ್ತು. ಒಳಗೆ ಎಲೆಗಳಿಂದ ತೊಟ್ಟಿಕ್ಕುವ ಸದ್ದು. ನಾವು ಹೊರಗೆ ನಿಂತೆವು. ಯಾರೂ ಒಳಗೆ ಹೋಗಲಿಲ್ಲ.

ಕತ್ತರಿ ತಲೆಯಿಂದ ಕೆಂಪು ವಸ್ತ್ರ ಬಿಚ್ಚಿದಳು. ರಾತ್ರಿ ಅದನ್ನು ಒಗೆಯಲು ನನಗೆ ಬಿಟ್ಟಿರಲಿಲ್ಲ. ಅಂಟಂಟಾಗಿ, ಬಿರುಸಾಗಿ ಒಣಗಿತ್ತು. ಬಾಗಿಲು ಮುಚ್ಚಿ, ಚಿಲಕಗಳ ನಡುವೆ ವಸ್ತ್ರವನ್ನು ಹಾಯಿಸಿ ಗಂಟು ಹಾಕಲು ಹೊರಟಳು. ಬೆರಳು ಮಾತು ಕೇಳಲಿಲ್ಲ. ತುದಿ ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು.

"ಕೊಡೇ, ನಾನು ಕಟ್ತೀನಿ" ಅಂದೆ.

"ದೂರ ನಿಲ್ಲು ಅತ್ತಿಗೆ. ನಾನೇ ಬಿಚ್ಚಿಸಿದ್ದು, ನಾನೇ ಕಟ್ತೀನಿ."

ನಾವೆಲ್ಲ ಕಾದೆವು. ಹೂವು ಕಾಯಿತು. ಹೊರಗೆ ಲಾರಿ ಕಾಯಿತು. ಹಲ್ಲಿನಿಂದ ಒಂದು ತುದಿ ಕಚ್ಚಿ ಹಿಡಿಯಲು ಬಾಯಿ ತಂದವಳು, "ಥೂ, ಇದನ್ನ ಕಚ್ಚಬಾರದಲ್ಲ" ಅಂತ ನಕ್ಕು, ಆ ತುದಿಯನ್ನು ಮೊಣಕಾಲಿನಿಂದ ಬಾಗಿಲಿಗೆ ಅದುಮಿ ಹಿಡಿದು ಎಳೆದಳು. ಗಂಟು ಬಿತ್ತು. ಅದರ ಮೇಲೆ ಇನ್ನೊಂದು ಹಾಕಿದಳು.

ಇಸ್ತ್ರಿ ಓಡಿಬಂದ. ಹೊಸ ಅಂಗಿ, ಹೊಸ ಮಡಿಕೆ. "ಯಾರು ಕಟ್ಟಿದ್ದು ಇದನ್ನ? ತೆಗೀರಿ! ಏ ಮೇಸ್ತ್ರಿ, ತೆಗಿ!"

ಮೇಸ್ತ್ರಿ ಕೆಮ್ಮುತ್ತ ನಿಂತ. ಕೈ ಜೇಬಿನಿಂದ ಹೊರಬರಲಿಲ್ಲ. ಔಷಧಿಯವರು ಟ್ಯಾಂಕು ಇಳಿಸಿ ನಮ್ಮ ಪಕ್ಕ ಬಂದು ನಿಂತರು.

"ನೀವೇ ತೆಗೀರಿ ಸಾರ್" ಅಂದಳು ಕತ್ತರಿ. ದನಿ ಮೆಲ್ಲಗಿತ್ತು, ನಾದಿನಿಯರು ಅಣಕಿಸುವಾಗ ಇರುವಂಥ ಮೆಲುದನಿ. "ನಿನ್ನೆ ಇಡೀ ದಿನ ಔಷಧಿಯಲ್ಲಿ ನೆಂದ ಬಟ್ಟೆ. ಒಗೆದಿಲ್ಲ. ಇದ್ದ ಹಾಗೇ ತಂದಿದೀನಿ. ಏನೂ ಆಗಲ್ಲ, ತೆಗೀರಿ. ಗೇಟಲ್ಲಿ ಬೋರ್ಡು ಹಾಕಿದೀರಲ್ಲ."

ಇಸ್ತ್ರಿ ಕೈ ಮುಂದೆ ಚಾಚಿದ. ಬೆರಳುಗಳು ಗಂಟಿನ ಹತ್ತಿರ ಹೋದವು.

ಅಲ್ಲೇ ನಿಂತವು.

ನಾವೆಲ್ಲ ಆ ಕೈಯನ್ನೇ ನೋಡುತ್ತಿದ್ದೆವು. ಬೆಳ್ಳಗಿತ್ತು, ಮೆತ್ತಗಿತ್ತು, ಕತ್ತರಿಸಿದ ಉಗುರು. ಅವನು ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಏನನ್ನೂ ಮುಟ್ಟದೆಯೇ, ಪ್ಯಾಂಟಿಗೆ ಒರೆಸಿಕೊಂಡ.